ಆಯುಧ ಪೂಜೆಗೆ ಹೊಸ ಟೂಲ್ ಬಾಕ್ಸ್: 2,200ರದ್ದು ಸಾಕಾ, 62,000ರದ್ದು ಬೇಕಾ?

ಉಲ್ಲಾಳದ ಹುಡುಗ

ಎಲ್ಲರಿಗೂ ನಮಸ್ಕಾರ. ಐಟಿಐ ಮುಗಿಸಿ ಎಂಟು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ಕೆಲಸ ಮಾಡಿದೆ. ಈಗ ಬೆಂಗಳೂರಿನ ಉಲ್ಲಾಳದ ಹತ್ತಿರ ಎರಡು ಕಾರು ನಿಲ್ಲುವಷ್ಟು ಜಾಗದ ಶೆಡ್ ಬಾಡಿಗೆಗೆ ಹಿಡಿದಿದ್ದೇನೆ. ಮೂರು ತಿಂಗಳಾಯಿತು, ಕೆಲಸ ಬರುತ್ತಿದೆ.

ತೊಂದರೆ ಏನೆಂದರೆ ಟೂಲ್ ಎಲ್ಲ ಎರಡು ಪೇಂಟ್ ಬಕೆಟ್‌ನಲ್ಲಿ ಮತ್ತು ಒಂದು ಗೋಣಿಚೀಲದಲ್ಲಿ ಇವೆ. 12ರ ರಿಂಗ್ ಸ್ಪ್ಯಾನರ್ ಬೇಕೆಂದರೆ ಬಕೆಟ್ ಮಗುಚಬೇಕು. ನಿನ್ನೆ ಒಂದು ಆಲ್ಟೋ ಕ್ಲಚ್ ಕೆಲಸ ಇತ್ತು, ಕಾಲು ಗಂಟೆ ಬರೀ ಹುಡುಕಾಟದಲ್ಲೇ ಹೋಯಿತು, ಗಿರಾಕಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಆದರೆ ನನಗೆ ಮನಸ್ಸಿಗೆ ಬೇಜಾರಾಯಿತು.

ಆಯುಧ ಪೂಜೆಯೊಳಗೆ ಒಂದು ಪೆಟ್ಟಿಗೆ ತರಬೇಕು ಅಂದುಕೊಂಡಿದ್ದೇನೆ. ಕೈಯಲ್ಲಿ 45,000 ಇದೆ, ಅದರಲ್ಲೇ ಇನ್ನೂ ಕೆಲವು ಟೂಲ್ ಕೂಡ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಮೂರು ತೋರಿಸಿದರು. ಐದು ತಟ್ಟೆ ಬಿಚ್ಚಿಕೊಳ್ಳುವ ತಗಡಿನ ಪೆಟ್ಟಿಗೆ 2,200. ಇಲ್ಲಿಯದೇ ಕಂಪನಿಯ ಏಳು ಡ್ರಾಯರ್, ಚಕ್ರ ಇರುವ ಟ್ರಾಲಿ 24,000. ಅದೇ ತರಹದ್ದು ಹೊರದೇಶದ್ದು 62,000, ಇಎಂಐ ಮಾಡಿಕೊಡುತ್ತೇವೆ ಅನ್ನುತ್ತಾರೆ. ಎರಡು ಟ್ರಾಲಿಯೂ ಖಾಲಿ ಪೆಟ್ಟಿಗೆಯ ರೇಟು, ಟೂಲ್ ಬೇರೆ.

ನನಗೆ ಕೆಲಸ ಕಲಿಸಿದವರು "ಪೆಟ್ಟಿಗೆ ಯಾವುದಾದರೇನಪ್ಪಾ, ಒಳಗಿರುವ ಪಾನಾ ನೋಡು" ಅನ್ನುತ್ತಾರೆ. ಫೋನಿನಲ್ಲಿ ವಿಡಿಯೋ ನೋಡಿದರೆ ಅಮೆರಿಕದ ಮೆಕ್ಯಾನಿಕ್‌ಗಳ ಬಾಕ್ಸ್ ಬೀರುವಿಗಿಂತ ದೊಡ್ಡದಿರುತ್ತದೆ. ವಾರಕ್ಕೆ ಎರಡು ಮೂರು ಸಲ ಸ್ಕೂಟರ್‌ನಲ್ಲಿ ಕೆಂಗೇರಿ, ನಾಗರಬಾವಿ ಕಡೆ ಬ್ರೇಕ್‌ಡೌನ್‌ಗೂ ಹೋಗುತ್ತೇನೆ. ಏನು ಮಾಡಲಿ ಹೇಳಿ.

ಮೈಸೂರು ರೋಡ್ ಡೀಸೆಲ್

ತಮ್ಮಾ, 62,000ದ್ದನ್ನು ಮೊದಲು ತಲೆಯಿಂದ ತೆಗೆದುಹಾಕು. ಇಎಂಐ ಅಂತೂ ಬೇಡವೇ ಬೇಡ. ಶೆಡ್ ಬಾಡಿಗೆ, ಕರೆಂಟು, ಒಬ್ಬ ಹುಡುಗನ ಸಂಬಳ, ಇವೆಲ್ಲ ಮಳೆಗಾಲದಲ್ಲಿ ಗಾಡಿ ಬರದಿದ್ದರೂ ಕೊಡಲೇಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ನಿನ್ನ ಗುರುಗಳು ಹೇಳಿದ್ದು ಮುಕ್ಕಾಲು ಪಾಲು ಸರಿ. ದುಡ್ಡು ಮೊದಲು ಹೋಗಬೇಕಾದದ್ದು ನಟ್ಟಿಗೆ ತಾಗುವ ವಸ್ತುವಿಗೆ. ಆರು ಮೂಲೆಯ ಸಾಕೆಟ್ ತಗೋ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ಬೋಲ್ಟ್ ಮೇಲೆ ಜಾರುತ್ತದೆ, ಒಂದು ಸಲ ತಲೆ ಸವೆದರೆ ಅರ್ಧ ದಿನದ ಕೆಲಸ. ಬ್ರೇಕ್ ಪೈಪ್ ಬಿಚ್ಚುವುದಕ್ಕೆ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು, ಸಾದಾ ಓಪನ್ ಎಂಡ್ ಹಾಕಿ ಮೂಲೆ ಕೆಡಿಸಬೇಡ. ರ‍್ಯಾಚೆಟ್‌ನಲ್ಲಿ (ಸಾಕೆಟ್ ತಿರುಗಿಸುವ ಹಿಡಿ) ಹಲ್ಲು ಎಷ್ಟಿದೆ ಕೇಳು. 24 ಹಲ್ಲಿನದಾದರೆ ಒಂದು ಹಲ್ಲು ದಾಟಲು 15 ಡಿಗ್ರಿ ತಿರುಗಿಸಬೇಕು, 72 ಹಲ್ಲಿನದಕ್ಕೆ 5 ಡಿಗ್ರಿ ಸಾಕು. ಆಲ್ಟರ್ನೇಟರ್ ಹಿಂದೆ ಕೈ ಹೋಗದ ಜಾಗದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ರಿಂಗ್, ಕಾಂಬಿನೇಷನ್ ಸ್ಪ್ಯಾನರ್‌ಗೆ ನಾಸಿಕ್‌ನ ಟಪಾರಿಯಾ ಸಾಕು, ನನ್ನದು ಹದಿನೈದು ವರ್ಷದಿಂದ ಅದೇ ಸೆಟ್.

ಅಮೆರಿಕದ ವಿಡಿಯೋ ನೋಡಿ ಹೋಲಿಸಬೇಡ. ಅಲ್ಲಿ ಡೀಲರ್ ವರ್ಕ್‌ಶಾಪಿನಲ್ಲಿ ಕೆಲಸಕ್ಕಿರುವ ಮೆಕ್ಯಾನಿಕ್ ಕೂಡ ತನ್ನ ಕೈ ಟೂಲ್ ತಾನೇ ತರಬೇಕು. ಸ್ನ್ಯಾಪ್-ಆನ್ ತರಹದ ಕಂಪನಿಗಳ ವ್ಯಾನ್ ವರ್ಕ್‌ಶಾಪಿನ ಬಾಗಿಲಿಗೇ ಬರುತ್ತದೆ, ವಾರ ವಾರ ಕಂತು ಕಟ್ಟಿಸಿಕೊಂಡು ಹೋಗುತ್ತದೆ, ಮುರಿದದ್ದನ್ನು ಅಲ್ಲೇ ಬದಲಾಯಿಸಿಕೊಡುತ್ತದೆ. ಆ ಕಂಪನಿ ಶುರುವಾಗಿದ್ದೇ 1920ರಲ್ಲಿ, ಐದು ಹಿಡಿಗೆ ಹತ್ತು ಸಾಕೆಟ್ ಬದಲಾಯಿಸಿ ಹಾಕಬಹುದು ಎಂಬ ಒಂದು ವಿಚಾರದ ಮೇಲೆ. ಅಲ್ಲಿ ಪೆಟ್ಟಿಗೆ ಅಂದರೆ ಆ ಮನುಷ್ಯನ ಇಡೀ ಸಂಪಾದನೆ, ಕೆಲಸ ಬಿಟ್ಟರೆ ಪೆಟ್ಟಿಗೆ ತಳ್ಳಿಕೊಂಡು ಹೋಗುತ್ತಾನೆ. ನಮ್ಮಲ್ಲಿ ಸಾಮಾನ್ಯವಾಗಿ ಟೂಲ್ ಮಾಲೀಕನದು. ಅವರ ಲೆಕ್ಕ ಬೇರೆ, ನಮ್ಮ ಲೆಕ್ಕ ಬೇರೆ. 62,000 ಕೊಟ್ಟ ಮೇಲೆ ನಾಳೆ ಒಂದು ಡ್ರಾಯರಿನ ಸ್ಲೈಡ್ (ಡ್ರಾಯರ್ ಜಾರುವ ಪಟ್ಟಿ) ಹೋದರೆ ಬೆಂಗಳೂರಿನಲ್ಲಿ ಯಾರು ಕೊಡುತ್ತಾರೆ ಅಂತ ಆ ಅಂಗಡಿಯವರನ್ನೇ ಕೇಳು.

2,200ರದ್ದು ತಗೋ. ಉಳಿದದ್ದು ಟೂಲ್‌ಗೆ ಹಾಕು.

ಚಾಮರಾಜಪೇಟೆ ಅಕ್ಕ

ಡೀಸೆಲ್ ಅಣ್ಣ ಟೂಲ್ ಬಗ್ಗೆ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ, ಕೊನೆಯ ಸಾಲು ಮಾತ್ರ ಒಪ್ಪುವುದಿಲ್ಲ.

ನಮ್ಮದು ಮನೆಯವರ ಗ್ಯಾರೇಜು, ಐದು ಜನ ಮೆಕ್ಯಾನಿಕ್, ಲೆಕ್ಕ ಮತ್ತು ಖರೀದಿ ನನ್ನದು. ಆರು ವರ್ಷದಲ್ಲಿ ಆ ಐದು ತಟ್ಟೆಯ ಪೆಟ್ಟಿಗೆ ಮೂರು ಸಲ ತಂದಿದ್ದೇನೆ. ಪ್ರತಿ ಸಲವೂ ಹೋಗಿದ್ದು ಒಂದೇ ಜಾಗದಲ್ಲಿ: ತಟ್ಟೆಗಳನ್ನು ಹಿಡಿದಿರುವ ಪಟ್ಟಿಯ ರಿವಿಟ್ ಸಡಿಲವಾಗುತ್ತದೆ, ಆಮೇಲೆ ತಟ್ಟೆ ಒಂದು ಕಡೆ ವಾಲುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮುಚ್ಚಳ ಕೂರದಿದ್ದರೆ ಬೀಗ ಇಲ್ಲ, ಬೀಗ ಇಲ್ಲದಿದ್ದರೆ ಸಂಜೆ ಎಣಿಸುವವರು ಯಾರೂ ಇರುವುದಿಲ್ಲ. ಪೆಟ್ಟಿಗೆಗೆ ಕೊಟ್ಟದ್ದಕ್ಕಿಂತ ಕಳೆದುಹೋದ 10ರ ಸಾಕೆಟ್ಟು, ಎಕ್ಸ್‌ಟೆನ್ಷನ್ನು, ಬಿಟ್ಟುಗಳಿಗೆ ಜಾಸ್ತಿ ಕೊಟ್ಟಿದ್ದೇವೆ.

ಎರಡು ವರ್ಷದ ಹಿಂದೆ ಒಂದು ವಾರ ಕೂತು ಬರೆದೆ. ಯಾರು ಯಾವ ಟೂಲ್ ಹುಡುಕುತ್ತಿದ್ದಾರೆ, ಎಷ್ಟು ಹೊತ್ತು, ಅಷ್ಟೇ. ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ 25 ನಿಮಿಷ ಬಂತು. ನನಗೆ ನಂಬಲಾಗಲಿಲ್ಲ, ಇನ್ನೊಂದು ವಾರ ಬರೆದೆ, ಅಷ್ಟೇ ಬಂತು. ತಿಂಗಳಿಗೆ 25 ದಿನ ಕೆಲಸ ಅಂದರೆ ಒಬ್ಬರಿಗೆ ಹತ್ತು ಗಂಟೆಗಿಂತ ಜಾಸ್ತಿ. ಆ ಹತ್ತು ಗಂಟೆಯಲ್ಲಿ ಎಷ್ಟು ಆಯಿಲ್ ಸರ್ವಿಸ್ ಆಗುತ್ತಿತ್ತು ನೀವೇ ಲೆಕ್ಕ ಹಾಕಿ. ಡ್ರಾಯರ್ ಟ್ರಾಲಿ ತಂದ ಮೇಲೆ ಅದು ಪೂರ್ತಿ ನಿಲ್ಲಲಿಲ್ಲ, ಆದರೆ ಐದಾರು ನಿಮಿಷಕ್ಕೆ ಇಳಿಯಿತು.

ಹಾಗಾಗಿ ತಮ್ಮಾ, ನೀನು ನಿಂತು ಕೆಲಸ ಮಾಡುವ ಜಾಗಕ್ಕೆ ಡ್ರಾಯರ್ ಬೇಕು. 62,000ದ್ದು ಅನ್ನುತ್ತಿಲ್ಲ, ನಡುವಿನದು ನೋಡು. ಎರಡು ವಿಷಯ ಕೇಳಿಕೋ. 24,000 ಅಂದರಲ್ಲ, ಅದು ಜಿಎಸ್‌ಟಿ ಸೇರಿಯೋ ಬಿಟ್ಟೋ? ಶೇಕಡಾ 18 ಮೇಲೆ ಬಿದ್ದರೆ 28,320 ಆಗುತ್ತದೆ. ನೀನು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂದರೆ ಆ ತೆರಿಗೆ ವಾಪಸ್ ಸಿಗುವುದಿಲ್ಲ, ಅದೂ ನಿನ್ನ ಖರ್ಚೇ. ಎರಡನೆಯದು, ಸಾಲ ಬೇಕೇ ಬೇಕು ಅಂತಾದರೆ ಅಂಗಡಿಯ ಇಎಂಐಗಿಂತ ಮೊದಲು ಬ್ಯಾಂಕಿನಲ್ಲಿ ಮುದ್ರಾ ಸಾಲ (ಸಣ್ಣ ಉದ್ಯಮದವರಿಗೆ ಇರುವ ಸರ್ಕಾರದ ಯೋಜನೆ) ಕೇಳು. ಶಿಶು ಅನ್ನುವ ವಿಭಾಗದಲ್ಲಿ 50,000ದವರೆಗೆ ಅಡವಿಲ್ಲದೆ ಕೊಡುತ್ತಾರೆ. ಬಡ್ಡಿ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡು.

ಲಗ್ಗೆರೆ ಬೈಕ್ ಪಾಯಿಂಟ್

ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯಲ್ಲಿ ಟೂಲ್ ಕಿಟ್‌ಗೆ 15,000 ಕೊಡುತ್ತಾರಲ್ಲ, ಅದಕ್ಕೆ ಅರ್ಜಿ ಹಾಕಬಹುದಲ್ವಾ ಗುರೂ?

ಚಾಮರಾಜಪೇಟೆ ಅಕ್ಕ

ಇಲ್ಲ, ನಾನೂ ವಿಚಾರಿಸಿದ್ದೆ. 2023ರಲ್ಲಿ ಶುರುವಾದ ಆ ಯೋಜನೆ 18 ಕಸುಬುಗಳಿಗೆ ಮಾತ್ರ. ಬಡಗಿ, ಕಮ್ಮಾರ, ಬೀಗ ಮಾಡುವವರು, ಸುತ್ತಿಗೆ ಮತ್ತು ಸಲಕರಣೆ ಮಾಡುವವರು, ಕುಂಬಾರ, ದರ್ಜಿ ಹೀಗೆ. ಮೋಟಾರ್ ಮೆಕ್ಯಾನಿಕ್ ಆ ಪಟ್ಟಿಯಲ್ಲಿಲ್ಲ. ಅರ್ಜಿ ಹಾಕಿಸುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಪೀಣ್ಯ ಶೀಟ್ ಮೆಟಲ್

ನಾನು ಮೆಕ್ಯಾನಿಕ್ ಅಲ್ಲ, ಇಂಥ ಪೆಟ್ಟಿಗೆ ಮಾಡುವ ಕಡೆ ಕೆಲಸ ಮಾಡುವವನು. ಪ್ಯಾನೆಲ್ ಬೋರ್ಡ್, ಕ್ಯಾಬಿನೆಟ್, ಟ್ರಾಲಿ ಎಲ್ಲ ಬಗ್ಗಿಸಿದ್ದೇನೆ. ಬಣ್ಣ ಮತ್ತು ಸ್ಟಿಕ್ಕರ್ ನೋಡಿ ಬಾಕ್ಸ್ ತಗೊಳ್ಳುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ತಗಡು. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಗಡು ತೆಳು, ಇದು ತುಂಬ ಜನರಿಗೆ ಗೊತ್ತಿಲ್ಲ. 22 ಗೇಜ್ ಅಂದರೆ ಮುಕ್ಕಾಲು ಎಂಎಂ ಹತ್ತಿರ, 20 ಗೇಜ್ 0.9, 18 ಗೇಜ್ 1.2. ನಿಮ್ಮ ಹತ್ತಿರ ದಪ್ಪ ಅಳೆಯುವ ವರ್ನಿಯರ್ ಇದ್ದೇ ಇರುತ್ತದೆ, ಅಂಗಡಿಗೆ ತಗೊಂಡು ಹೋಗಿ. ಡ್ರಾಯರ್ ತೆಗೆದು ಹಿಂಬದಿಯ ಒಂಟಿ ತಗಡಿನ ಅಂಚು ಅಳೆಯಿರಿ. ಪೌಡರ್ ಕೋಟಿಂಗ್ ದಪ್ಪವೂ ಸ್ವಲ್ಪ ಸೇರಿರುತ್ತದೆ, ಅದನ್ನು ಕಳೆಯಿರಿ. ಹೊರಮೈ 18 ಇದ್ದು ಡ್ರಾಯರ್ 20 ಇದ್ದರೆ ಒಳ್ಳೆಯ ಬಾಕ್ಸ್. ಎಲ್ಲವೂ 22 ಇದ್ದರೆ ಅದು ಮನೆಯಲ್ಲಿ ಇಡುವ ಪೆಟ್ಟಿಗೆ, ಗ್ಯಾರೇಜಿಗಲ್ಲ.

ಆಮೇಲೆ ತಿರುಚು. ಪೆಟ್ಟಿಗೆಯ ಎದುರು ಬದುರು ಮೂಲೆ ಎರಡನ್ನು ಹಿಡಿದು ಜೋರಾಗಿ ದೂಡಿ. ಅಲುಗಾಡಿದರೆ ನಿಮ್ಮ ಶೆಡ್‌ನ ನೆಲದಲ್ಲಿ ಅದು ನಿಲ್ಲುವುದಿಲ್ಲ. ಶೆಡ್ ನೆಲ ಎಲ್ಲೂ ಮಟ್ಟ ಇರುವುದಿಲ್ಲ, ನೀರು ಹರಿಯಲಿ ಅಂತ ಇಳಿಜಾರು ಬಿಟ್ಟಿರುತ್ತಾರೆ. ಮೂಲೆಗೆ ಬಲ ಇಲ್ಲದ ಬಾಕ್ಸ್ ಇಳಿಜಾರಿನಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ, ಡ್ರಾಯರ್ ಸಿಕ್ಕಿಕೊಳ್ಳುತ್ತವೆ, ನೀವು ಜೋರಾಗಿ ಎಳೆಯುತ್ತೀರಿ, ಸ್ಲೈಡ್ ಬಗ್ಗುತ್ತದೆ. ಜನ ಸ್ಲೈಡ್ ಬೈಯುತ್ತಾರೆ, ತಪ್ಪು ಬಾಡಿಯದ್ದು.

ಸ್ಲೈಡ್ ಬಾಲ್ ಬೇರಿಂಗ್ ಇರಲೇಬೇಕು. ತಗಡಿನ ಮೇಲೆ ತಗಡು ಜಾರುವುದು ಬೇಡ. ಡ್ರಾಯರ್ ಪೂರ್ತಿ ಹೊರಗೆ ಎಳೆದು ಮುಂದಿನ ಅಂಚಿನ ಮೇಲೆ ಅಂಗೈ ಇಟ್ಟು ಒತ್ತಿ. ಒಂದೆರಡು ಎಂಎಂ ಇಳಿದರೆ ಪರವಾಗಿಲ್ಲ, ಬೆರಳು ದಪ್ಪ ಇಳಿದರೆ ಬಿಟ್ಟು ಬನ್ನಿ. ಖಾಲಿ ಡ್ರಾಯರ್ ಎಲ್ಲವೂ ಬೆಣ್ಣೆಯ ಹಾಗೆ ಜಾರುತ್ತವೆ, ಅದನ್ನು ನೋಡಿ ಮೋಸ ಹೋಗಬೇಡಿ. ನಿಮ್ಮ ಅರ್ಧ ಇಂಚಿನ ಸಾಕೆಟ್ ಸೆಟ್ಟು, ಸುತ್ತಿಗೆ, ಪುಲ್ಲರ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಡ್ರಾಯರ್‌ಗೆ ತುಂಬಿ ಎಳೆದು ನೋಡಿ. ಒಳ್ಳೆ ಅಂಗಡಿಯವರು ಬೇಡ ಅನ್ನುವುದಿಲ್ಲ.

ಡ್ರಾಯರ್ ಒಳಗಿನ ಅಂಚಿನ ಮೇಲೆ ಬೆರಳು ಆಡಿಸಿ. ಮಡಚಿ ಒತ್ತಿದ ಅಂಚು ದುಂಡಗಿರುತ್ತದೆ. ಕತ್ತರಿಸಿ ಹಾಗೇ ಬಿಟ್ಟದ್ದು ಎಣ್ಣೆ ಕೈಯಲ್ಲಿ ಆತುರದಲ್ಲಿ ತೆಗೆಯುವಾಗ ಗೆಣ್ಣು ಕೊಯ್ಯುತ್ತದೆ.

ಇನ್ನೊಂದು, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಒಂದು ಡ್ರಾಯರ್ ತೆರೆದಾಗ ಉಳಿದವು ತೆರೆಯದ ಹಾಗೆ ತಡೆ ಇದೆಯಾ ನೋಡಿ. ಅದು ಇಲ್ಲದ ಬಾಕ್ಸ್‌ನಲ್ಲಿ ಮೇಲಿನ ಮೂರು ಡ್ರಾಯರ್ ಒಟ್ಟಿಗೆ ಎಳೆದರೆ ಭಾರ ಮುಂದಕ್ಕೆ ಬಂದು ಇಡೀ ಪೆಟ್ಟಿಗೆ ಮಗುಚುತ್ತದೆ. ನಮ್ಮಲ್ಲಿ ಒಬ್ಬ ಹುಡುಗನ ಪಾದದ ಮೇಲೆ ಹಾಗೇ ಬಿತ್ತು, ಎರಡು ತಿಂಗಳು ಮನೆಯಲ್ಲಿ ಕೂತ. ತಡೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಭಾರದ್ದೆಲ್ಲ ಕೆಳಗಿನ ಡ್ರಾಯರ್‌ನಲ್ಲೇ ಇಡಿ.

ಬೇಕಿದ್ದರೆ ಪೀಣ್ಯದಲ್ಲಿ ಮಾಡಿಸಿಕೊಳ್ಳಲೂಬಹುದು. ಆಂಗಲ್ ಫ್ರೇಮ್, 18 ಗೇಜ್ ತಗಡು, ಅಡುಗೆಮನೆ ಡ್ರಾಯರ್‌ಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್‌ನಲ್ಲಿ 45 ಕೆಜಿ ತಡೆಯುವಂಥದ್ದು. ಸಾಫ್ಟ್ ಕ್ಲೋಸ್ ಇರುವುದು ಬೇಡ, ಗ್ಯಾರೇಜ್ ಧೂಳಿಗೆ ಅದು ಬೇಗ ಕೆಡುತ್ತದೆ. ಆದರೆ ಒಂದೇ ಒಂದು ಪೀಸ್ ಅಂದರೆ ನಾವು ಲೇಬರ್ ಜಾಸ್ತಿ ಹೇಳುತ್ತೇವೆ, ಪೌಡರ್ ಕೋಟಿಂಗ್‌ನವರೂ ಕಾಯಿಸುತ್ತಾರೆ. ಹಬ್ಬದೊಳಗೆ ಬೇಕೆಂದರೆ ರೆಡಿ ಇರುವುದೇ ತಗೊಳ್ಳಿ.

ಮೈಸೂರು ರೋಡ್ ಡೀಸೆಲ್

ಅಕ್ಕ ಹೇಳಿದ ರಿವಿಟ್ ವಿಷಯ ಓದಿ ಒಂದು ರಾತ್ರಿ ನೆನಪಾಯಿತು. ಹೇಳದೆ ಇರುವುದು ಸರಿಯಲ್ಲ.

ನಾಲ್ಕು ವರ್ಷ ಆಯಿತು. ನೆಲಮಂಗಲ ಟೋಲ್ ದಾಟಿದ ಮೇಲೆ ಒಂದು ಸುಮೋ ನಿಂತಿತ್ತು, ಒಳಗೆ ವಯಸ್ಸಾದ ಇಬ್ಬರು, ಒಂದು ಮಗು. ಹನ್ನೊಂದು ಗಂಟೆ, ಸಣ್ಣ ಮಳೆ. ಐದು ತಟ್ಟೆಯ ಪೆಟ್ಟಿಗೆ ಕೈಯಲ್ಲಿ ಹಿಡಿದು ರಸ್ತೆ ಬದಿಯಲ್ಲಿ ನಡೆಯುತ್ತಿದ್ದೆ, ಹಿಡಿ ಕಿತ್ತುಬಂತು. ಪೆಟ್ಟಿಗೆ ಬಾಯಿಬಿಟ್ಟು ಬಿತ್ತು, ಸಾಕೆಟ್ಟೆಲ್ಲ ಮೋರಿ ನೀರಿಗೆ. ಟಾರ್ಚ್ ಹಿಡಿದು ಮೊಣಕಾಲೂರಿ ಒಂದೊಂದೇ ತೆಗೆದೆ. 17ರ ಉದ್ದ ಸಾಕೆಟ್ ಸಿಗಲೇ ಇಲ್ಲ, ಆ ಕೆಲಸಕ್ಕೆ ಬೇಕಾದದ್ದು ಅದೇ. ಕೊನೆಗೆ ಗಾಡಿ ಎಳೆಸಿಕೊಂಡು ಹೋಗಬೇಕಾಯಿತು. ಆ ಮಗು ಗಾಜಿನೊಳಗಿಂದ ನನ್ನನ್ನೇ ನೋಡುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಅದಾದ ಮೇಲೆ ಹೊರಗೆ ಹೋಗುವುದಕ್ಕೆ ಕ್ಯಾನ್ವಾಸ್ ಚೀಲ ಮಾಡಿಕೊಂಡೆ. ಹೆಗಲಿಗೆ ಹಾಕಬಹುದು, ಬಿದ್ದರೂ ಚೆಲ್ಲುವುದಿಲ್ಲ. ಆದ್ದರಿಂದ ನನ್ನ ಮೊದಲಿನ ಮಾತು ತಿದ್ದುತ್ತೇನೆ. ತಟ್ಟೆ ಪೆಟ್ಟಿಗೆ ಶೆಡ್‌ಗೂ ಪೂರ್ತಿ ಸಾಲದು, ಸ್ಕೂಟರ್‌ಗೂ ಸರಿಹೋಗದು. ಹೊರಗೆ ಚೀಲ ಇಟ್ಟುಕೋ, ಶೆಡ್‌ಗೆ ಅಕ್ಕ ಹೇಳಿದ ನಡುವಿನ ಟ್ರಾಲಿ ತಗೋ. ಆದರೆ ಟೂಲ್‌ಗೆ ಕನಿಷ್ಠ 15,000 ಎತ್ತಿಟ್ಟ ಮೇಲೆ ಮಾತ್ರ. ಇದರಲ್ಲಿ ನಾನು ಬದಲಾಗುವುದಿಲ್ಲ.

ಬಸವನಗುಡಿ ಹಳೇ ಜೀಪ್

ನಾನು ಮನೆಯಲ್ಲೇ ನನ್ನ ಹಳೇ ಜೀಪು ರಿಪೇರಿ ಮಾಡಿಕೊಳ್ಳುವವನು, ಎರಡು ಮಾತು ಅಷ್ಟೇ.

ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಹೋದರೆ ಹಳೇ ಸ್ಪ್ಯಾನರ್ ಸಿಗುತ್ತವೆ. ಬಾಯಿ ಅಗಲವಾಗಿದೆಯಾ ಅಂತ ಒಂದು ಹೊಸ ಬೋಲ್ಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಹಾಕಿ ನೋಡಿ. ರ‍್ಯಾಚೆಟ್ ಮತ್ತು ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಮಾತ್ರ ಹಳೆಯದು ತಗೋಬೇಡಿ, ಒಳಗೆ ಏನಾಗಿದೆ ಕಾಣುವುದಿಲ್ಲ.

ಡ್ರಾಯರ್‌ಗೆ ಫೋಮ್ ಹಾಕಿ. ಎರಡು ಬಣ್ಣದ ಫೋಮ್ ಶೀಟ್ ತಂದು ಒಂದರ ಮೇಲೊಂದು ಅಂಟಿಸಿ, ಮೇಲಿನದರಲ್ಲಿ ಮಾತ್ರ ಟೂಲ್ ಆಕಾರ ಕತ್ತರಿಸಿ. ಕಪ್ಪಿನ ಕೆಳಗೆ ಹಳದಿ ಇದ್ದರೆ, ಟೂಲ್ ಇಲ್ಲದ ಜಾಗ ದೂರದಿಂದಲೇ ಹಳದಿಯಾಗಿ ಕಾಣುತ್ತದೆ. ಟಾರ್ಕ್ ರೆಂಚ್ ಇಡುವಾಗ ಅದರ ಅತಿ ಕಡಿಮೆ ಅಳತೆಗೆ ತಿರುಗಿಸಿ ಇಡಿ, ಸ್ಪ್ರಿಂಗ್ ಬಿಗಿಯಾಗಿಯೇ ಉಳಿದರೆ ಅಳತೆ ತಪ್ಪುತ್ತದೆ.

ಉಲ್ಲಾಳದ ಹುಡುಗ

ಅಣ್ಣಂದಿರೇ, ಅಕ್ಕಾ, ತುಂಬ ಥ್ಯಾಂಕ್ಸ್. ಕಳೆದ ಶನಿವಾರ ಹೋಗಿ ಬಂದೆ, ಏನಾಯಿತು ಹೇಳುತ್ತೇನೆ.

ಪೀಣ್ಯ ಅಣ್ಣ ಹೇಳಿದ ಹಾಗೇ ಸಾಕೆಟ್ ಸೆಟ್ಟು, ಎರಡು ಸುತ್ತಿಗೆ, ಬಾಲ್ ಜಾಯಿಂಟ್ ಪುಲ್ಲರ್ ಎಲ್ಲ ಚೀಲಕ್ಕೆ ಹಾಕಿ ಮನೆಯ ತೂಕದ ಮಿಷನ್ ಮೇಲೆ ಇಟ್ಟೆ, 16 ಕೆಜಿ. ಹೊತ್ತುಕೊಂಡು ಮೆಟ್ರೋದಲ್ಲಿ ಮಾರ್ಕೆಟ್ ಸ್ಟೇಷನ್‌ಗೆ ಹೋದೆ, ಅಲ್ಲಿಂದ ಜೆಸಿ ರೋಡ್. ಮೊದಲು ನೋಡಿದ್ದ 24,000ದ ಟ್ರಾಲಿಗೆ ಭಾರ ಹಾಕಿದ ಕೂಡಲೇ ಮೂರನೇ ಡ್ರಾಯರ್ ಇಳಿಯಿತು, ಮುಚ್ಚುವಾಗ ಕೆಳಗಿನದಕ್ಕೆ ತಾಗಿತು. ತಗಡು ಅಳೆದರೆ ಬಣ್ಣ ಸೇರಿ 0.8 ಎಂಎಂ. ಜಿಎಸ್‌ಟಿ ಕೂಡ ಬೇರೆಯೇ. ಅಲ್ಲಿಂದ ಬಂದೆ.

ಮೂರನೇ ಅಂಗಡಿಯಲ್ಲಿ ಒಂದು ಡಿಸ್‌ಪ್ಲೇ ಪೀಸ್ ಇತ್ತು, ಏಳು ಡ್ರಾಯರ್, ಎಡಗಡೆ ಉದ್ದಕ್ಕೆ ಗೀಚು ಬಿದ್ದಿತ್ತು. ಹೊರಮೈ 1.3 ತೋರಿಸಿತು. 16 ಕೆಜಿ ಹಾಕಿದರೂ ಡ್ರಾಯರ್ ಒಂದು ಕೈಯಲ್ಲಿ ಬಂತು. ಒಂದು ತೆರೆದರೆ ಇನ್ನೊಂದು ತೆರೆಯುವುದಿಲ್ಲ. ಗೀಚು ಇದೆ ಅಂತ ಚೌಕಾಸಿ ಮಾಡಿದೆ, ಜಿಎಸ್‌ಟಿ ಸೇರಿ 26,000ಕ್ಕೆ ಕೊಟ್ಟರು. ಸ್ಲೈಡ್ ಬಿಡಿಯಾಗಿ ಸಿಗುತ್ತದಾ ಅಂತ ಕೇಳಿದ್ದಕ್ಕೆ ಒಳಗಿಂದ ತಂದು ತೋರಿಸಿದರು, ಎರಡು ಜೊತೆ ಈಗಲೇ ತಗೊಂಡೆ. ಹತ್ತಿರದಲ್ಲೇ 72 ಹಲ್ಲಿನ ರ‍್ಯಾಚೆಟ್, ಆರು ಮೂಲೆ ಸಾಕೆಟ್, ಫ್ಲೇರ್ ನಟ್ ಸ್ಪ್ಯಾನರ್, ಟಾರ್ಕ್ ರೆಂಚ್ ಎಲ್ಲ ಸೇರಿ 14,800 ಆಯಿತು. ಡೀಸೆಲ್ ಅಣ್ಣಾ, 15,000ಕ್ಕೆ 200 ಕಡಿಮೆ, ಕ್ಷಮಿಸಿ.

ಟಾಟಾ ಏಸ್‌ನಲ್ಲಿ ಶೆಡ್‌ಗೆ ತಂದೆ. ಡ್ರಾಯರ್ ಎಲ್ಲ ಮೊದಲು ಹೊರಗೆ ತೆಗೆದು ಆಮೇಲೆ ಮೂರು ಜನ ಇಳಿಸಿದೆವು. ನೆಲದ ಇಳಿಜಾರಿಗೆ ಒಂದು ಚಕ್ರ ಗಾಳಿಯಲ್ಲಿತ್ತು, ಅದರ ಕೆಳಗೆ ತಗಡಿನ ತುಂಡು ಕೊಟ್ಟ ಮೇಲೆ ಸರಿಯಾಯಿತು.

ನಿನ್ನೆ ರಾತ್ರಿ ಒಂದು ಗಂಟೆಯವರೆಗೆ ಕೂತು ಬಕೆಟ್ ಎರಡೂ ಖಾಲಿ ಮಾಡಿದೆ. ಸೀಮೆಎಣ್ಣೆಯಲ್ಲಿ ಒಂದೊಂದೇ ತೊಳೆದು ಒರೆಸಿ ಸಾಲಾಗಿ ಇಟ್ಟೆ. 14ರ ರಿಂಗ್ ನಾಲ್ಕು ಇವೆ, 13ರದ್ದು ಒಂದೂ ಇಲ್ಲ. ಎಂಟು ವರ್ಷದಲ್ಲಿ ನನ್ನ ಹತ್ತಿರ ಏನಿದೆ ಏನಿಲ್ಲ ಅಂತ ಪೂರ್ತಿ ಕಂಡಿದ್ದು ನಿನ್ನೆಯೇ. ಹಳೇ ಜೀಪ್ ಸಾರ್, ಕಪ್ಪು ಮತ್ತು ಹಳದಿ ಫೋಮ್ ಸಿಕ್ಕಿತು, ಮೊದಲ ಎರಡು ಡ್ರಾಯರ್ ಕತ್ತರಿಸಿ ಮುಗಿಸಿದ್ದೇನೆ.

ಸೋಮವಾರ ಪೂಜೆ. ಶೆಡ್ ಬಾಗಿಲಿಗೆ ಮಾವಿನ ತೋರಣ, ಬೂದುಗುಂಬಳಕಾಯಿ ಎಲ್ಲ ತಂದಾಗಿದೆ. 13ರ ರಿಂಗ್ ಇಡಬೇಕಾದ ಜಾಗ ಕತ್ತರಿಸಿ ಖಾಲಿ ಬಿಟ್ಟಿದ್ದೇನೆ, ಹಳದಿ ಚೆನ್ನಾಗಿ ಕಾಣುತ್ತಿದೆ. ನಾಳೆ ಬೆಳಿಗ್ಗೆ ಸಂಡೇ ಬಜಾರ್‌ಗೆ ಒಂದು ಬೋಲ್ಟ್ ಜೇಬಿನಲ್ಲಿ ಹಾಕಿಕೊಂಡು ಹೋಗುತ್ತೇನೆ.